ಚಾರ್ಲ್ಸ್ ಬ್ರಾಡ್ಲಾ ಮಹಾಶಯರು

ಆಧುನಿಕ ಸಮಾಜದಲ್ಲಿ ಧರ್ಮದ ಪ್ರಭಾವವು ಕುಗ್ಗುತ್ತ ನಡೆದಿದೆಯೆಂಬ ಮಾತು ಪಶ್ಚಿಮ ದೇಶಗಳ ಮಟ್ಟಿಗೆ ಅಂಕಿಗಳಿಂದಲೇ ಸಿದ್ಧವಾಗಿದೆ. ೨೦೨೧ರ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳ ಜನರೊಳಗೆ ಕ್ರೈಸ್ತರೆಂದು ಬರೆಯಿಸಿದವರು ನೂರಕ್ಕೆ ೪೬.೨ ಮಾತ್ರ, ತಮಗೆ ಯಾವ ಧರ್ಮವೂ ಇಲ್ಲವೆಂದವರು ನೂರಕ್ಕೆ ೩೭.೨. ಇದನ್ನು ಕಂಡು ಮರುಗುವ ಸಜ್ಜನರು ದೋಷವನ್ನೆಲ್ಲ ನಾಸ್ತಿಕರ ಬೋಧೆಯ ಮೇಲೆ ಹೊರಿಸುವುದುಂಟು. ಯಂತ್ರಯುಗ, ನಗರವಾಸ, ವಿಜ್ಞಾನ ಮೊದಲಾದ ಕಾರಣಗಳು ಹಲವಿರಬಹುದು. ಆದರೆ ಧರ್ಮದ ಗೌರವವನ್ನು ಅದರ ರಕ್ಷಕರೇ ಹೇಗೆ ಕುಂದಿಸಬಲ್ಲರೆಂಬುದನ್ನು ತಿಳಿಯಬೇಕಾದರೆ, ಹತ್ತೊಂಬತ್ತನೆಯ ಶತಮಾನದ ಸುಪ್ರಸಿದ್ಧ ನಾಸ್ತಿಕರೂ ಹಿಂದುಸ್ಥಾನದ ಮಿತ್ರರೂ ಆಗಿದ್ದ ಚಾರ್ಲ್ಸ್ ಬ್ರಾಡ್ಲಾ ಮಹಾಶಯರ ಚರಿತ್ರೆಯನ್ನು ವಾಚಕರು ಅವಲೋಕಿಸಬೇಕು.

ಬ್ರಾಡ್ಲಾರು ೧೮೩೩ನೆಯ ಸಪ್ಟೆಂಬರ ೨೬ರಂದು ಲಂಡನ್ನಿನ ಹಾಕ್ಸ್ಟನ್ ಎಂಬ ಬಡವರ ಕೇರಿಯಲ್ಲಿ ಜನಿಸಿದರು. ತಂದೆ ಒಬ್ಬ ವಕೀಲರ ಗುಮಾಸ್ತ. ಬಾಲಕನು ಭಕ್ತನಾಗಿಯೇ ಬೆಳೆದು ರವಿವಾರದ ಧರ್ಮಶಾಲೆಯಲ್ಲಿ ಪಾಠ ಹೇಳುವಷ್ಟು ಶ್ರದ್ಧಾವಂತನಾಗಿದ್ದನು. ಬಿಷಪ್ಪರು ಬಂದು ದೀಕ್ಷೆ ಕೊಡುವ ಪ್ರಸಂಗಕ್ಕೆ ಸಿದ್ಧನಾಗೆಂದು ಪಾದ್ರಿಗಳು ಹೇಳಲು, ಆತನು ಇಂಗ್ಲೆಂಡಿನ ಚರ್ಚಿನ ೩೯ ಸಿದ್ಧಾಂತಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಮನಸ್ಸಿಟ್ಟು ಓದಿದನು. ಅವೆರಡೂ ಒಂದಕ್ಕೊಂದು ಹೊಂದದಿರುವುದನ್ನು ಕಂಡು, ಸಮಾಧಾನ ಹೇಳಬೇಕೆಂದು ಪಾದ್ರಿಗಳಿಗೆ ವಿನಯದಿಂದ ಪತ್ರ ಬರೆದನು. ಉತ್ತರವಾಗಿ ದೊರೆತದ್ದು ಸಮಾಧಾನವಲ್ಲ, ದಂಡನೆ. ನಾಸ್ತಿಕನೆಂಬ ಹೆಸರು ಬಂದಿತು. ಧರ್ಮಶಾಲೆಯ ಪಾಠ ತಪ್ಪಿತು. ಕೊನೆಗೆ ಮನೆಯನ್ನೂ ಬಿಡಬೇಕಾಯಿತು. ಪ್ರಶ್ನೆ ಕೇಳಿದ ಹುಡುಗನನ್ನು ಹೊರದೂಡಿದ ಆ ದಿನವೇ ಚರ್ಚು ತನ್ನ ಪರಮ ವಿರೋಧಿಯನ್ನು ತಾನೇ ಸೃಷ್ಟಿಸಿಕೊಂಡಿತೆಂದರೆ ತಪ್ಪಾಗಲಾರದು.

ಬಳಿಕ ಕಲ್ಲಿದ್ದಲಿನ ವ್ಯಾಪಾರ, ಸಾಲ, ಐರ್ಲಂಡಿನಲ್ಲಿ ಸಿಪಾಯಿಯ ಕೆಲಸ, ೧೮೫೩ರಲ್ಲಿ ಬಿಡುಗಡೆ, ತಂದೆಯಂತೆಯೇ ವಕೀಲರ ಗುಮಾಸ್ತಗಿರಿ: ಹೀಗೆ ತಾರುಣ್ಯವು ಕಳೆಯಿತು. ಹಗಲು ನ್ಯಾಯಶಾಸ್ತ್ರವನ್ನು ಅರಗಿಸಿಕೊಂಡ ಅವರು ಸಂಜೆಯಲ್ಲಿ ಮಾರುಹೆಸರಿನಿಂದ ಉಪನ್ಯಾಸಗಳನ್ನು ಮಾಡುತ್ತಿದ್ದರು. ೧೮೬೦ರಲ್ಲಿ ನ್ಯಾಶನಲ್ ರಿಫಾರ್ಮರ್ ಪತ್ರಿಕೆಯು ಹೊರಟಿತು. ೧೮೬೬ರಲ್ಲಿ ನ್ಯಾಶನಲ್ ಸೆಕ್ಯುಲರ್ ಸೊಸೈಟಿಯು ಸ್ಥಾಪಿತವಾಯಿತು. ಮುಂದೆ ನಮ್ಮ ರಾಷ್ಟ್ರೀಯ ಸಭೆಯ ಅಧ್ಯಕ್ಷರಾದ ಆನಿ ಬೆಸಂಟ್ ಅಮ್ಮನವರು ಆಗ ಅವರ ಸಹಕಾರಿಣಿಯಾಗಿದ್ದರು. ಸಂತಾನನಿಯಮನದ ಪುಸ್ತಕವೊಂದನ್ನು ಪ್ರಕಟಿಸಿದ್ದಕ್ಕಾಗಿ ೧೮೭೭ರಲ್ಲಿ ಇಬ್ಬರಿಗೂ ಆರು ತಿಂಗಳ ಶಿಕ್ಷೆಯಾಗಿ, ಮುಂದಿನ ವರ್ಷ ಅಪೀಲಿನಲ್ಲಿ ರದ್ದಾಯಿತು.

ಬ್ರಾಡ್ಲಾರ ಹೋರಾಟದ ಮರ್ಮವಿದ್ದದ್ದು ಪ್ರಮಾಣದ ಪ್ರಶ್ನೆಯಲ್ಲಿ. ದೇವರನ್ನು ನಂಬದವನು ದೇವರ ಮೇಲೆ ಆಣೆಯಿಡಲಾರನು. ಆಣೆಯಿಡದವನ ಸಾಕ್ಷಿಯನ್ನು ನ್ಯಾಯಾಲಯವು ಒಪ್ಪದು. ಆದುದರಿಂದ ಅಂಥವನ ಹಣವನ್ನು ಅಪಹರಿಸಿದರೂ ಆತನು ನ್ಯಾಯ ಪಡೆಯುವುದು ದುಸ್ತರ. ತಮ್ಮದೇ ಲೇಣಿಯ ವ್ಯಾಜ್ಯವೊಂದರಲ್ಲಿ ಬ್ರಾಡ್ಲಾರು ಈ ಅನ್ಯಾಯವನ್ನು ಉಂಡರು. ಅವರ ಪ್ರಯತ್ನದ ಫಲವಾಗಿಯೇ ೧೮೬೯ ಮತ್ತು ೧೮೭೦ರ ಕಾಯಿದೆಗಳು ಬಂದು, ಆಣೆಯ ಬದಲು ದೃಢವಚನ ನುಡಿದು ಸಾಕ್ಷಿ ಹೇಳುವ ಹಕ್ಕು ದೊರೆಯಿತು.

೧೮೮೦ರಲ್ಲಿ ನಾರ್ಥಾಂಪ್ಟನ್ ಪಟ್ಟಣದ ಮತದಾರರು ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ಆ ಸಭೆಯ ಬಾಗಿಲು ಮೊದಲೇ ಒಂದೊಂದಾಗಿ ಸಡಿಲಿದ್ದಿತು. ೧೮೨೯ರ ಕಾಯಿದೆಯಿಂದ ಕ್ಯಾಥೊಲಿಕ್ಕರಿಗೂ, ೧೮೫೮ರಲ್ಲಿ ಯೆಹೂದ್ಯರಿಗೂ ಅಲ್ಲಿ ಪ್ರವೇಶ ದೊರೆತಿತ್ತು. ಆಣೆಯಿಡುವುದನ್ನು ಪಾಪವೆಂದೆಣಿಸುವ ಕ್ವೇಕರ್ ಪಂಥದವರು ೧೮೩೩ರಿಂದಲೂ ಬರಿಯ ದೃಢವಚನದಿಂದ ಸದಸ್ಯರಾಗುತ್ತಿದ್ದರು. ಅದೇ ಸೌಲಭ್ಯವನ್ನು ಬ್ರಾಡ್ಲಾರು ಬೇಡಿದರು. ಸಮಿತಿಯು ಅದು ಸಲ್ಲದೆಂದಿತು. ಹಾಗಾದರೆ ರೂಢಿಯ ಪ್ರಮಾಣವನ್ನೇ ಸ್ವೀಕರಿಸುವೆನೆನ್ನಲು, ನಾಸ್ತಿಕನ ಬಾಯಿಂದ ಪ್ರಮಾಣವು ಅಪವಿತ್ರವಾಗುವುದೆಂದು ಸಭೆಯು ಅದನ್ನೂ ತಡೆಯಿತು. ಒಪ್ಪದಿದ್ದರೆ ಪ್ರವೇಶವಿಲ್ಲ, ಒಪ್ಪಿದರೂ ಪ್ರವೇಶವಿಲ್ಲ! ತಮಗೆ ಅರ್ಥವಿಲ್ಲದ ಶಬ್ದಗಳನ್ನು ಉಚ್ಚರಿಸಲು ಬ್ರಾಡ್ಲಾರು ಒಪ್ಪಿದ್ದು ಅವರ ನಿಷ್ಠೆಗೆ ತಕ್ಕುದಾಗಿರಲಿಲ್ಲವೆಂಬ ಆಕ್ಷೇಪಣೆಯನ್ನು ನಾವು ಮರೆಮಾಡಲಾರೆವು. ಆ ಶಬ್ದಗಳೊಳಗಿನ ವಾಗ್ದಾನಕ್ಕೆ ತಾವು ಬದ್ಧರೆಂಬುದು ಅವರ ಸಮಾಧಾನವಾಗಿದ್ದಿತು.

ಮುಂದಿನ ಆರು ವರ್ಷಗಳ ಕಥೆಯು ಆ ಸಭೆಗೆ ಕೀರ್ತಿಕರವಲ್ಲ. ೧೮೮೦ನೆಯ ಜೂನ್ ೨೩ರಂದು ಸಭೆಯನ್ನು ಬಿಟ್ಟುಹೋಗಲೊಪ್ಪದ ಬ್ರಾಡ್ಲಾರನ್ನು ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಬಂಧಿಸಿಟ್ಟು ಮರುದಿನ ಬಿಟ್ಟರು. ಜುಲೈಯಲ್ಲಿ ಅವರ ಸ್ವಂತ ಹೊಣೆಯ ಮೇಲೆ ದೃಢವಚನಕ್ಕೆ ಅಪ್ಪಣೆಯಾಯಿತಾದರೂ, ಅದು ಕಾಯಿದೆಗೆ ಸಲ್ಲದೆಂದು ನ್ಯಾಯಾಲಯವು ತೀರ್ಪಿತ್ತುದರಿಂದ ೧೮೮೧ರ ಮಾರ್ಚಿಯಲ್ಲಿ ಸ್ಥಾನವು ಹೋಯಿತು. ಪ್ರತಿಯೊಂದು ಮತ ನೀಡಿಕೆಗೆ ೫೦೦ ಪೌಂಡು ದಂಡದ ದಾವೆಯೂ ಬೆನ್ನು ಹತ್ತಿತು. ನಾರ್ಥಾಂಪ್ಟನ್ನಿನವರು ಮತ್ತೆ ಅವರನ್ನೇ ಆರಿಸಿದರು. ಆ ವರ್ಷದ ಆಗಸ್ಟ್ ೩ರಂದು ಒಳಹೊಗಲೆಳಸಿದ ಅವರನ್ನು ಸಭೆಯ ಜವಾನರೂ ಪೋಲೀಸರೂ ಕೂಡಿ ಮೆಟ್ಟಿಲುಗಳ ಮೇಲಿನಿಂದ ಎಳೆದು ಅಂಗಳಕ್ಕೆ ನೂಕಿದರು; ಮೈಮೇಲಿನ ಅಂಗಿಯು ಹರಿಯಿತು. ಹೊರಗೆ ಅವರ ಪಕ್ಷದ ಸಾವಿರಾರು ಜನ ನೆರೆದಿದ್ದರೂ, ಅವರು ಆ ಜನವನ್ನು ದಂಗೆಗೆ ಪ್ರೇರಿಸಲಿಲ್ಲ. ೧೮೮೨ರ ಫೆಬ್ರುವರಿಯಲ್ಲಿ ತಾವೇ ಕಿಸೆಯಿಂದ ಧರ್ಮಗ್ರಂಥವನ್ನು ತೆಗೆದು ಪ್ರಮಾಣ ಸ್ವೀಕರಿಸಲು, ಸಭೆಯಿಂದ ಉಚ್ಚಾಟನೆಯಾಯಿತು. ಜನರು ಪುನಃ ಆರಿಸಿದರು. ೧೮೮೪ರಲ್ಲಿಯೂ, ೧೮೮೫ರಲ್ಲಿಯೂ ಆರಿಸಿದರು.

ಅವರ ವಿರೋಧಿಗಳ ಮುಂದಾಳು, ಮುಂದೆ ಹಿಂದುಸ್ಥಾನದ ಮಂತ್ರಿಯಾದ ಲಾರ್ಡ್ ರಾಂಡಾಲ್ಫ್ ಚರ್ಚಿಲ್. ಧರ್ಮದ ರಕ್ಷಣೆಯೆಂಬ ಹೆಸರಿನಲ್ಲಿ ನಡೆದದ್ದು ಬಹುಮಟ್ಟಿಗೆ ಗ್ಲಾಡ್‌ಸ್ಟನ್ನರ ಸರಕಾರವನ್ನು ಪೇಚಿಗೀಡುಮಾಡುವ ಪಕ್ಷರಾಜಕಾರಣವೇ. ಅತ್ತ ಗ್ಲಾಡ್‌ಸ್ಟನ್ನರೋ ನಿಷ್ಠಾವಂತ ಕ್ರೈಸ್ತರು. ಅವರೇ ೧೮೮೩ರಲ್ಲಿ ನಾಸ್ತಿಕರ ಹಕ್ಕಿನ ಪರವಾಗಿ ದೀರ್ಘವಾಗಿ ವಾದಿಸಿದರು. ಆದರೂ ಮಸೂದೆಯು ೨೯೨ಕ್ಕೆ ೨೮೯ರಂತೆ ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. ಕೊನೆಗೆ ೧೮೮೬ನೆಯ ಜನವರಿ ೧೩ರಂದು ಹೊಸ ಸ್ಪೀಕರರಾದ ಪೀಲ್ ಮಹಾಶಯರು, ಆರಿಸಿಬಂದ ಸದಸ್ಯನ ಪ್ರಮಾಣಕ್ಕೆ ಅಡ್ಡಬರುವ ಅಧಿಕಾರ ಯಾರಿಗೂ ಇಲ್ಲವೆಂದು ಅವರನ್ನು ಒಳಗೊಂಡರು. ೧೮೮೮ರಲ್ಲಿ ಬ್ರಾಡ್ಲಾರು ತಾವೇ ಮಂಡಿಸಿದ ಪ್ರಮಾಣ ಕಾಯಿದೆಯು ದೃಢವಚನದ ಹಕ್ಕನ್ನು ಎಲ್ಲರಿಗೂ ದೊರಕಿಸಿತು. ಆಕಾಶವೇನೂ ಕಳಚಿಬೀಳಲಿಲ್ಲ.

ಹೀಗೆ ಗಳಿಸಿದ ಸ್ಥಾನವನ್ನು ಅವರು ನಮ್ಮ ದೇಶಕ್ಕಾಗಿ ಸವೆಯಿಸಿದರು. ಮತದಾನದ ಹಕ್ಕಿಲ್ಲದ ಕೋಟ್ಯವಧಿ ಹಿಂದುಸ್ಥಾನದವರ ಪ್ರತಿನಿಧಿಯೆಂದೇ ಅವರಿಗೆ ಹೆಸರಾಯಿತು. ಗಂಡಾಂತರದ ಕಾಯಿಲೆಯಿಂದೆದ್ದು ೧೮೮೯ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದು, ವೆಡ್ಡರ್‌ಬರ್ನರ ಅಧ್ಯಕ್ಷತೆಯಲ್ಲಿ ಕೂಡಿದ ಐದನೆಯ ರಾಷ್ಟ್ರೀಯ ಸಭೆಯಲ್ಲಿ ಭಾಗವಹಿಸಿದರು. ಹಿಂದೂ, ಮುಸಲ್ಮಾನ, ಪಾರಸೀ ಆಸ್ತಿಕರೆಲ್ಲರೂ ಆ ನಾಸ್ತಿಕನನ್ನು ಸನ್ಮಾನಿಸಿದರು. ಆತನ ದೇವರ ವಿಚಾರವನ್ನು ಯಾರೂ ಕೇಳಲಿಲ್ಲ. ಮರುವರ್ಷ ನಮ್ಮ ಕಾಯಿದೆ ಕೌನ್ಸಿಲುಗಳಿಗೆ ಚುನಾವಣೆಯ ತತ್ತ್ವವನ್ನು ತರುವ ಮಸೂದೆಯನ್ನು ಅವರು ಕಾಮನ್ಸ್ ಸಭೆಯಲ್ಲಿ ಮಂಡಿಸಿದರು.

೧೮೯೧ನೆಯ ಜನವರಿ ೩೦ರಂದು ಅವರು ಮೃತರಾದರು. ಮೂರು ದಿನ ಮೊದಲು, ತಾನು ೧೮೮೦ರಲ್ಲಿ ಮಾಡಿದ ಬಹಿಷ್ಕಾರದ ಠರಾವನ್ನು ಸಭೆಯು ತನ್ನ ದಫ್ತರದಿಂದಲೇ ತೊಡೆದುಹಾಕಿತು. ಆ ವಾರ್ತೆಯನ್ನು ಗ್ರಹಿಸುವ ಸ್ಥಿತಿಯಲ್ಲಿ ರೋಗಿಯು ಇರಲಿಲ್ಲ. ಬ್ರುಕ್‌ವುಡ್ಡಿನ ಸ್ಮಶಾನಕ್ಕೆ ಹೋದವರೊಳಗೆ ಕೆಲವರು ಪಾದ್ರಿಗಳೂ, ಲಂಡನ್ನಿನಲ್ಲಿದ್ದ ಹಿಂದುಸ್ಥಾನದ ಜನರೂ, ಅವರೊಂದಿಗೆ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾದ ಗಾಂಧಿಯವರೂ ಇದ್ದರು. ಹಿಂದಿರುಗುವಾಗ ರೈಲುನಿಲ್ದಾಣದಲ್ಲಿ ಒಬ್ಬ ನಾಸ್ತಿಕನು ಪಾದ್ರಿಯೊಬ್ಬರನ್ನು ಉದ್ಧಟತನದಿಂದ ಕೆಣಕುತ್ತಿದ್ದುದನ್ನು ಕಂಡು ಗಾಂಧಿಯವರಿಗೆ ನಾಸ್ತಿಕತೆಯ ವಿಷಯದಲ್ಲಿ ಜುಗುಪ್ಸೆಯೇ ಹೆಚ್ಚಿತು. ಆದರೂ ಬ್ರಾಡ್ಲಾರ ಸತ್ಯನಿಷ್ಠೆಯ ಮೇಲಣ ಅವರ ಆದರವು ಕಡಿಮೆಯಾಗಲಿಲ್ಲ. ಸತ್ಯವೇ ದೇವರೆಂಬ ತಮ್ಮ ತತ್ತ್ವವನ್ನು ೧೯೩೧ರಲ್ಲಿ ವಿವರಿಸುವಾಗ ಅವರು ಬ್ರಾಡ್ಲಾರನ್ನು ದೇವಭೀರುವೆಂದೇ ಸ್ಮರಿಸಿದರು.

ಈ ಚರಿತ್ರೆಯ ತಾತ್ಪರ್ಯವು ಸ್ಪಷ್ಟವಾಗಿದೆ. ಬ್ರಾಡ್ಲಾರ ಉಪನ್ಯಾಸಗಳು ಎಷ್ಟು ಭಕ್ತರ ಮನಸ್ಸನ್ನು ತಿರುಗಿಸಿದವೋ ಹೇಳಲಾಗದು. ಆದರೆ ಶುದ್ಧನಾದ ಒಬ್ಬ ಮನುಷ್ಯನನ್ನು ದೇವರ ಹೆಸರಿನಲ್ಲಿ ಮೆಟ್ಟಿಲಿನಿಂದ ಎಳೆಯಿಸಿದ ಆ ದೃಶ್ಯವು ಧರ್ಮಕ್ಕೆ ಮಾಡಿದ ಅಪಚಾರವನ್ನು ಯಾವ ಉಪನ್ಯಾಸವೂ ಮಾಡಲಾರದು. ಬೇಲಿಯೇ ಎದ್ದು ಹೊಲ ಮೇದರೆ ಬೆಳೆಯುಳಿಯುವುದೆಂತು? ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ದೇವರ ಹೆಸರಿನ ಪ್ರಮಾಣವನ್ನೂ ಸತ್ಯನಿಷ್ಠೆಯ ದೃಢವಚನವನ್ನೂ ಸಮಾನವಾಗಿ ಮುಂದಿಟ್ಟು, ಆಯ್ಕೆಯನ್ನು ಅವರವರ ಅಂತಃಕರಣಕ್ಕೆ ಬಿಟ್ಟಿದೆ. ಇದರಿಂದ ದೇವರ ಹೆಸರಿಗೆ ಗೌರವವು ಹೆಚ್ಚಿತೇ ಹೊರತು ಕುಂದಲಿಲ್ಲ. ಏಕೆಂದರೆ ಈಗ ಆ ಹೆಸರನ್ನು ನುಡಿಯುವವನು ನಿರ್ಬಂಧದಿಂದ ನುಡಿಯುವುದಿಲ್ಲ. ಧರ್ಮದ ಪ್ರಭಾವವು ಕುಗ್ಗಿತೆಂದು ಚಿಂತಿಸುವವರು ಪೋಲೀಸರ ಬಲವನ್ನೂ ಕಾಯಿದೆಯ ಬಲವನ್ನೂ ಬೇಡದೆ, ಅದನ್ನು ಆಚರಣೆಯಿಂದಲೇ ಬೆಳಗಿಸಲಿ. ಅದರಿಂದಲೂ ಬೆಳಗದ ಧರ್ಮವನ್ನು ಯಾವ ಸರಕಾರವೂ ಉಳಿಸಲಾರದು.