ವಿಜ್ಞಾನಿ ಕಮಲಾ ಸೋಹೊನಿ

ವಿಜಯಪುರದಿಂದ ಅಥಣಿ ರಸ್ತೆಯನ್ನು ಹಿಡಿದು ತಿಕೋಟೆಯ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲಿಯೇ ತೊರವಿ ಸಿಕ್ಕುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣದಿಂದಲೂ ನರಸಿಂಹ ದೇವಾಲಯದಿಂದಲೂ ಹೆಸರಾದ ಈ ಊರಿನಲ್ಲಿ ಇಂದು ರಾಜ್ಯದ ಮಹಿಳಾ ವಿಶ್ವವಿದ್ಯಾಲಯವಿದೆ. 2003ರಲ್ಲಿ ಸ್ಥಾಪನೆಗೊಂಡ ಈ ವಿದ್ಯಾಲಯವು ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಇಲ್ಲಿ ಹೆಣ್ಣುಮಕ್ಕಳು ಸಂಶೋಧನೆಗೆಂದು ಅರ್ಜಿ ಸಲ್ಲಿಸುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಆದರೆ ಈ ವಿದ್ಯಾಲಯ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲು, 1933ರಲ್ಲಿ, ನಮ್ಮ ನಾಡಿನ ಬೆಂಗಳೂರಿನಲ್ಲಿಯೇ ಇಂತಹ ಒಂದು ಅರ್ಜಿ ತಿರಸ್ಕೃತವಾಯಿತು. ಅರ್ಜಿದಾರರು ಹೆಣ್ಣು ಎಂಬುದೊಂದೇ ಅದಕ್ಕೆ ಕಾರಣ. ಆ ಅರ್ಜಿಯನ್ನು ಬರೆದವರು ಕಮಲಾ ಭಾಗವತ. ವಿವಾಹಾನಂತರ ಅವರು ಕಮಲಾ ಸೋಹೊನಿ ಎಂದು ಖ್ಯಾತರಾದರು.

ಕಮಲಾ 1911ರಲ್ಲಿ ಇಂದೂರಿನಲ್ಲಿ ಜನಿಸಿದರು. ಅವರ ಮನೆಯೇ ಒಂದು ವಿದ್ಯಾಶಾಲೆಯಂತಿದ್ದಿತು. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಸೋದರಿ ದುರ್ಗಾ ಭಾಗವತ ಮುಂದೆ ಮರಾಠಿಯ ಹಿರಿಯ ಲೇಖಕಿಯೆನಿಸಿದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಆ ವಿಜ್ಞಾನ ಮಂದಿರದಲ್ಲಿ ತಾವೂ ಓದಬೇಕೆಂಬ ಬಯಕೆ ಕಮಲಾ ಅವರಲ್ಲಿ ಬೇರೂರಿದುದು ಸಹಜವೇ ಸರಿ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕೂಡಲೆ ಅವರು ಬೆಂಗಳೂರಿಗೆ ಅರ್ಜಿ ಸಲ್ಲಿಸಿದರು.

ಆಗ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ನೊಬೆಲ್ ಪಾರಿತೋಷಕ ಪಡೆದ ಮಹಾವಿಜ್ಞಾನಿಗಳಾದ ಅವರು, ಸ್ತ್ರೀಯರಿಗೆ ಪ್ರವೇಶ ಕೊಡಲಾಗದೆಂದು ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಸುಮ್ಮನಾಗಲಿಲ್ಲ. ತಾವೇ ಬೆಂಗಳೂರಿಗೆ ಬಂದು ರಾಮನ್‌ರ ಮುಂದೆ ನಿಂತು, ತಮ್ಮಲ್ಲಿ ಯಾವ ಅರ್ಹತೆ ಕಡಿಮೆಯಾಗಿದೆಯೆಂದು ಕೇಳಿದರು. ಕೊನೆಗೆ ಪ್ರವೇಶವೇನೋ ದೊರೆಯಿತು, ಆದರೆ ಷರತ್ತುಗಳ ಮೇಲೆ. ಮೊದಲ ಒಂದು ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿನಿಯೆಂದು ಗಣಿಸಲಾಗದು. ಗುರುಗಳು ಹೇಳಿದರೆ ರಾತ್ರಿಯ ಹೊತ್ತಿನಲ್ಲಿಯೂ ದುಡಿಯಬೇಕು. ಅವರ ಇರವಿನಿಂದ ಗಂಡು ವಿದ್ಯಾರ್ಥಿಗಳ ಏಕಾಗ್ರತೆಗೆ ಭಂಗ ಬರಬಾರದು. ಇವುಗಳಲ್ಲಿ ಎರಡನೆಯದನ್ನು ಯಾವ ವಿದ್ಯಾರ್ಥಿಗಾದರೂ ವಿಧಿಸಬಹುದು. ಉಳಿದೆರಡು ಹೆಣ್ಣಿಗೆ ಮಾತ್ರ ವಿಧಿಸಿದವು. ಕಮಲಾ ಒಪ್ಪಿಕೊಂಡರು, ಮರೆಯಲಿಲ್ಲ. ಇಳಿವಯಸ್ಸಿನಲ್ಲಿಯೂ ಅವರು ಆ ಅವಮಾನವನ್ನು ನೆನೆದು ನೊಂದುಕೊಳ್ಳುತ್ತಿದ್ದರು.

ಅವರ ಪುಣ್ಯಕ್ಕೆ ದೊರೆತ ಗುರುಗಳು ಎಂ. ಶ್ರೀನಿವಾಸಯ್ಯನವರು. ಅವರು ಬಹು ಕಟ್ಟುನಿಟ್ಟಿನವರು. ಸಂಜೆಯ ಸ್ವಲ್ಪ ವಿರಾಮವನ್ನು ಬಿಟ್ಟರೆ ಬೆಳಗಿನಿಂದ ರಾತ್ರಿಯವರೆಗೂ ಪ್ರಯೋಗಾಲಯದ ಕೆಲಸ ತಪ್ಪುತ್ತಿರಲಿಲ್ಲ. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಕಮಲಾ ಅಭ್ಯಾಸ ಮಾಡಿದರು. ಬಡವರ ತಟ್ಟೆಯಲ್ಲಿರುವ ಅನ್ನದ ಸತ್ವವೇನೆಂಬ ಪ್ರಶ್ನೆ ಅಂದಿನಿಂದ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ರಾಮನ್‌ರಿಗೆ ಅವರ ಶ್ರದ್ಧೆ ಮನವರಿಕೆಯಾಯಿತು. ಪೂರ್ಣ ಪ್ರವೇಶ ಸಿಕ್ಕಿತು. ಮುಂದೆ ಇತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. 1936ರಲ್ಲಿ ಕಮಲಾ ಉನ್ನತ ದರ್ಜೆಯಲ್ಲಿ ಎಂ.ಎಸ್‌ಸಿ. ಪದವಿ ಪಡೆದರು.

ಅನಂತರ ಅವರ ದೃಷ್ಟಿ ಇಂಗ್ಲೆಂಡಿನ ಕೇಂಬ್ರಿಜ್ ಕಡೆಗೆ ಹರಿಯಿತು. ಹೊರನಾಡಿನಲ್ಲಿ ಸಂಶೋಧನೆ ಮಾಡಬಯಸುವವರು ಅಂದಿನಂತೆ ಇಂದಿಗೂ ಎರಡು ಬಾಗಿಲುಗಳನ್ನು ತಟ್ಟಬೇಕಾಗುತ್ತದೆ. ಒಂದು ಹಣದ ಬಾಗಿಲು: ಪ್ರಯಾಣ, ಊಟ, ವಸತಿ, ಶುಲ್ಕ ಇವೆಲ್ಲವನ್ನೂ ವಹಿಸಿಕೊಳ್ಳುವ ಸಂಸ್ಥೆ ಬೇಕು. ಇನ್ನೊಂದು ಸ್ಥಳದ ಬಾಗಿಲು: ಅಲ್ಲಿಯ ಪ್ರಾಧ್ಯಾಪಕರೊಬ್ಬರು ತಮ್ಮ ಪ್ರಯೋಗಾಲಯದಲ್ಲಿ ಎಡೆ ಕೊಡಲು ಒಪ್ಪಬೇಕು. ಒಂದು ತೆರೆದು ಇನ್ನೊಂದು ಮುಚ್ಚಿದ್ದರೆ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಅಂಕಗಳಿಗಿಂತ ಹೆಚ್ಚಾಗಿ ನೋಡುವುದು, ಈತನಕ ಏನು ಮಾಡಿದ್ದಾರೆ, ಮುಂದೆ ಏನು ಮಾಡಲಿದ್ದಾರೆ ಎಂಬುದನ್ನು. ಬೆಂಗಳೂರಿನ ಮೂರು ವರ್ಷಗಳ ದುಡಿಮೆ ಇಲ್ಲಿ ಕಮಲಾ ಅವರ ಕೈಹಿಡಿಯಿತು. ಮುಂಬಯಿ ವಿಶ್ವವಿದ್ಯಾಲಯವು ಸ್ಪ್ರಿಂಗರ್ ಸಂಶೋಧನ ವೇತನವನ್ನೂ ಸರ್ ಮಂಗಳದಾಸ್ ನಾಥೂಭಾಯಿ ವಿದೇಶ ವ್ಯಾಸಂಗ ವೇತನವನ್ನೂ ಅವರಿಗೆ ನೀಡಿತು.

ಹಣ ಬಂದಿತು, ಸ್ಥಳ ಬರಲಿಲ್ಲ. ಕೇಂಬ್ರಿಜ್‌ನ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್. ಜೀವಸತ್ವಗಳ ಶೋಧನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಅವರ ಪ್ರಯೋಗಾಲಯದಲ್ಲಿ ಒಂದು ಮೇಜೂ ತೆರವಾಗಿರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಾವಾಗಿಯೇ ಮುಂದೆ ಬಂದರು. ಹಗಲು ಹೊತ್ತು ಕಮಲಾ ತಮ್ಮ ಮೇಜನ್ನು ಬಳಸಲಿ, ತಾವು ರಾತ್ರಿ ಕೆಲಸ ಮಾಡುವುದಾಗಿ ತಿಳಿಸಿದರು. ಬೆಂಗಳೂರಿನಲ್ಲಿ ರಾತ್ರಿ ದುಡಿಯಬೇಕೆಂಬ ಷರತ್ತಿಗೆ ಒಳಪಟ್ಟಿದ್ದ ಹುಡುಗಿಗಾಗಿ ಅಲ್ಲಿ ಅಪರಿಚಿತರೊಬ್ಬರು ತಮ್ಮ ರಾತ್ರಿಯ ನಿದ್ರೆಯನ್ನು ಬಿಟ್ಟುಕೊಟ್ಟರು. 1937ರ ಡಿಸೆಂಬರಿನಲ್ಲಿ ಕಮಲಾ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಮಾರ್ಗದರ್ಶನ ದೊರೆಯಿತು. ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಜೀವಕೋಶಗಳ ಉಸಿರಾಟಕ್ಕೆ ಅವಶ್ಯವಾದ ಸೈಟೊಕ್ರೋಮ್ ಸಿ ಎಂಬ ವಸ್ತು ಸಸ್ಯಗಳ ಜೀವಕೋಶಗಳಲ್ಲಿಯೂ ಇದೆಯೆಂಬುದನ್ನು ಕಮಲಾ ಕಂಡುಕೊಂಡರು. ಹದಿನಾಲ್ಕು ತಿಂಗಳಲ್ಲಿ ಸಿದ್ಧವಾದ ಅವರ ಮಹಾಪ್ರಬಂಧ ಬರಿಯ ನಲವತ್ತು ಪುಟಗಳದು! 1939ರಲ್ಲಿ ಅದಕ್ಕೆ ಪಿಎಚ್.ಡಿ. ದೊರೆಯಿತು. ಆ ಕೇಂಬ್ರಿಜ್ ಕೂಡ 1948ರವರೆಗೆ ಸ್ತ್ರೀಯರಿಗೆ ಪೂರ್ಣಾಧಿಕಾರದ ಪದವಿಯನ್ನು ಕೊಡುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಇವರೇ ಎಂದು ಅನೇಕರು ಬರೆಯುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲಿಯೇ ಅಮೆರಿಕೆಯ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದುದರಿಂದ ಆ ಮಾತು ಪೂರ್ತಿ ಸರಿಯಲ್ಲ. ಕಮಲಾ ಅವರ ಹಿರಿಮೆಗೆ ಅದರಿಂದ ಕುಂದೂ ಇಲ್ಲ.

ಅದೇ ವರ್ಷ ಅವರು ಸ್ವದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗವನ್ನು ನಡೆಸಿದರು. ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಎಂ. ವಿ. ಸೋಹೊನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲಸಿ, ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ನೀರಾ, ಬೇಳೆಕಾಳು, ಅಕ್ಕಿಹಿಟ್ಟುಗಳ ಪೋಷಕಾಂಶಗಳನ್ನು ಶಿಷ್ಯರೊಡನೆ ಪರೀಕ್ಷಿಸಿದರು. ತಾಳೆಯ ಮರದಿಂದ ಇಳಿಸಿದ ಹುಳಿಯದ ನೀರಾ ಬಡ ಮಕ್ಕಳಿಗೂ ಗರ್ಭಿಣಿಯರಿಗೂ ಪುಷ್ಟಿದಾಯಕವೆಂದು ತೋರಿಸಿದ ಕಾರ್ಯಕ್ಕೆ ರಾಷ್ಟ್ರಪತಿ ಪುರಸ್ಕಾರ ಸಂದಿತು. ಸಂಸ್ಥೆಯ ನಿರ್ದೇಶಕ ಪದವಿ ಅವರಿಗೆ ಬಂದುದು ಮಾತ್ರ ಬಹಳ ತಡವಾಗಿ. ಆಹಾರದ ಕಲಬೆರಕೆಯ ವಿರುದ್ಧ ಗ್ರಾಹಕರನ್ನು ಎಚ್ಚರಿಸಲು 1966ರಲ್ಲಿ ಮುಂಬಯಿಯಲ್ಲಿ ಕೆಲವು ಮಹಿಳೆಯರು ಕಟ್ಟಿದ ಸಂಘದಲ್ಲಿಯೂ ಅವರು ಮುಂದಾಳಾಗಿದ್ದರು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅವರನ್ನು ಗೌರವಿಸಲು ದೆಹಲಿಗೆ ಬರಮಾಡಿಕೊಂಡಿತು. ಆ ಸಮಾರಂಭದಲ್ಲಿಯೇ ಅವರು ಕುಸಿದರು. ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಎಂಬತ್ತಾರು ಕಳೆದಿದ್ದಿತು.