ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶಿವಶರಣರು ಬಹು ಸೂಕ್ಷ್ಮವಾಗಿ ವಿವೇಚಿಸಿರುವರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಾದರೋ ಪದಾರ್ಥವು ಶಿವನದು. ನೀಡುವಾತನು ಅದನ್ನು ಸಲ್ಲತಕ್ಕಲ್ಲಿಗೆ ಸಲ್ಲಿಸುವ ದಾಸನು ಮಾತ್ರ. ಮನೆಯಂಗಳದಲ್ಲಿ ನಡೆಯುವ ದಾಸೋಹಕ್ಕೆ ಮನೆಯೊಡೆಯನ ಕಣ್ಣೇ ಕಾವಲು. ಆದರೆ ಒಂದು ನಗರದ ನಡುವೆ, ಹೆಸರು ಕುಲ ಅರಿಯದ ಸಾವಿರಾರು ಜನರಿಗಾಗಿ ಧನವನ್ನು ಕೊಟ್ಟಾಗ ಅದನ್ನು ಕೈಗೊಳ್ಳುವವರು ಯಾರು? ಲೆಕ್ಕವಿಡುವವರು ಯಾರು? ಕೊಟ್ಟವರು ಲಿಂಗೈಕ್ಯರಾದ ಬಳಿಕ ಅದು ಕೊಟ್ಟ ಉದ್ದೇಶಕ್ಕೇ ಸಲ್ಲುವಂತೆ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳಿಗೆ ತಮ್ಮ ಬಾಳಿನ ನಡೆಯಿಂದಲೇ ಉತ್ತರವಿತ್ತವರು ಗುಬ್ಬಿ ತೋಟದಪ್ಪನವರು.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಲಿಂಗವಂತ ವರ್ತಕರ ಮನೆತನದಲ್ಲಿ ಜನಿಸಿದರು. ಗುಬ್ಬಿಯು ವೀರಶೈವರಿಗೆ ಪರಿಚಿತವಾದ ಊರು. ಭಾವಚಿಂತಾರತ್ನವನ್ನು ರಚಿಸಿದ ಮಲ್ಲಣಾರ್ಯನ ಹೆಸರಿನೊಡನೆ ಸೇರಿ ಬಂದಿರುವ ಊರದು. ಚನ್ನಬಸವೇಶ್ವರರ ಸನ್ನಿಧಿಯಿಂದ ಪಾವನವಾದ ಕ್ಷೇತ್ರ. ಅಡಿಕೆ ಕೊಬ್ಬರಿಗಳ ವ್ಯಾಪಾರಕ್ಕೂ ಆ ಸೀಮೆ ಹಿಂದಿನಿಂದ ಹೆಸರಾದುದು. ಸಮೀಪದ ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗ ಯತಿಗಳ ಸ್ಮರಣೆಯಿಂದ ಆ ಭಾಗದ ಮನೆಮನೆಗಳಲ್ಲಿ ಮಕ್ಕಳಿಗೆ ತೋಟದಪ್ಪ, ಸಿದ್ಧಲಿಂಗಪ್ಪ ಎಂಬ ಹೆಸರುಗಳನ್ನಿಡುವ ವಾಡಿಕೆ ಇಂದಿಗೂ ಉಂಟು.

ಮನೆತನದವರು ಬೆಂಗಳೂರಿಗೆ ಬಂದು ಪೇಟೆಯೊಳಗಣ ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತರು. ವ್ಯಾಪಾರವು ಕೈಹತ್ತಿತು, ಸಂಪತ್ತು ಬೆಳೆಯಿತು. ಮಕ್ಕಳ ಭಾಗ್ಯ ಮಾತ್ರ ತೋಟದಪ್ಪನವರಿಗೆ ಒದಗಲಿಲ್ಲ. ಮಕ್ಕಳಿಲ್ಲದ ಸಿರಿವಂತರ ಆಸ್ತಿಗೆ ದಾಯಾದಿಗಳು ಕಾದಿರುವುದು, ವ್ಯಾಜ್ಯ ಹುಟ್ಟುವುದು, ಗಳಿಸಿದ್ದೆಲ್ಲ ಕೋರ್ಟು ಕಚೇರಿಗಳಲ್ಲಿ ಕರಗುವುದು ಲೋಕದಲ್ಲಿ ಹೊಸತಲ್ಲ. ತೋಟದಪ್ಪನವರ ಸಂಪತ್ತು ಆ ದಾರಿ ಹಿಡಿಯಲಿಲ್ಲ.

ಬೆಂಗಳೂರು ಆಗ ಬದಲಾಗುತ್ತಿದ್ದ ಕಾಲ. 1862ರಲ್ಲಿಯೇ ನಗರಕ್ಕೆ ಪುರಸಭೆ ಏರ್ಪಟ್ಟಿತ್ತು. ರೈಲು ಬಂದ ಮೇಲೆ ತುಮಕೂರು, ಮೈಸೂರುಗಳ ಕಡೆಯಿಂದ ಜನರು ದಿನವೂ ಬಂದಿಳಿಯತೊಡಗಿದರು. ಸರ್ಕಾರಿ ಕಚೇರಿಯ ಕೆಲಸಕ್ಕೆಂದು ಬಂದ ರೈತ, ಯಾತ್ರೆಗೆ ಹೊರಟ ವೃದ್ಧದಂಪತಿಗಳು, ಹೈಸ್ಕೂಲು ಕಾಲೇಜುಗಳ ಆಸೆಯಿಂದ ಊರು ಬಿಟ್ಟ ಹುಡುಗ, ಇವರಿಗೆಲ್ಲ ಪೇಟೆಯಲ್ಲಿ ನೆಂಟರಿದ್ದರೆ ಸರಿ. ಇಲ್ಲದಿದ್ದರೆ ರಾತ್ರಿ ಕಳೆಯುವುದೇ ಚಿಂತೆ. ಪುರಸಭೆಯ ವರಮಾನವು ಬೀದಿ, ದೀಪ, ನೀರು, ನೈರ್ಮಲ್ಯಗಳಿಗೆ ಸಾಲುವುದೇ ಕಷ್ಟ. ಇಂಥ ಕೊರತೆಯನ್ನು ತುಂಬಬೇಕಾದವರು ನಗರದ ಉಳ್ಳವರೇ.

1897ರಲ್ಲಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಸಮೀಪದಲ್ಲಿ ಎರಡೂವರೆ ಎಕರೆ ನೆಲವನ್ನು 10,000 ರೂಪಾಯಿಗಳಿಗೆ ಕೊಂಡರು. ಪೇಟೆಯ ಒಳಗೆ, ತಮ್ಮ ಅಂಗಡಿಯ ಮಗ್ಗುಲಲ್ಲಿ, ಹತ್ತು ಜನ ಪರಿಚಿತರು ಕಂಡು ಹೊಗಳುವ ಕಡೆ ಛತ್ರ ಕಟ್ಟಿಸಬಹುದಾಗಿತ್ತು. ದಣಿದು ಬಂದವನು ಗಂಟುಮೂಟೆ ಹೊತ್ತು ಊರೆಲ್ಲ ಅಲೆಯದಂತೆ, ಗಾಡಿಯಿಂದಿಳಿದೊಡನೆ ಆಸರೆ ಸಿಗುವ ಸ್ಥಳವನ್ನು ಅವರು ಆರಿಸಿದರು. ಇದು ಕೊಡುವವನ ಅನುಕೂಲವನ್ನಲ್ಲ, ಕೊಳ್ಳುವವನ ಕಾಲನೋವನ್ನು ನೋಡಿದ ಆಯ್ಕೆ. ಮರುವರ್ಷ, ಎಂದರೆ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಮಾರಿ ಬಡಿಯಿತು. ಜನ ಮನೆ ತೊರೆದು ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ದುರ್ದಿನಗಳನ್ನು ದಾಟಿ ಕಾರ್ಯವು ಮುಗಿಯಿತು. 1903ನೆಯ ಫೆಬ್ರವರಿ 11ರಂದು, ರಾಜ್ಯಭಾರವನ್ನು ವಹಿಸಿಕೊಂಡು ವರ್ಷವೂ ತುಂಬದಿದ್ದ ಹದಿನೆಂಟರ ಹರೆಯದ ನಾಲ್ವಡಿ ಕೃಷ್ಣರಾಜ ಒಡೆಯರವರು ಧರ್ಮಛತ್ರವನ್ನು ತೆರೆದರು. ಛತ್ರದ ಬಾಗಿಲು ಯಾತ್ರಿಕರೆಲ್ಲರಿಗೂ ಜಾತಿಯ ಎಣಿಕೆಯಿಲ್ಲದೆ ತೆರೆದಿತ್ತು. ಅದರೊಡನೆಯೇ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯವೂ ಏರ್ಪಟ್ಟಿತು. ಯಾತ್ರಿಕನಿಗೆ ಒಂದೆರಡು ರಾತ್ರಿಯ ನೆರಳು ಸಾಕು. ವಿದ್ಯಾರ್ಥಿಗೆ ವರ್ಷಗಟ್ಟಲೆ ಬೇಕು. ಎರಡನ್ನೂ ಒಂದೆಡೆ ಯೋಜಿಸಿದವರ ದೂರದೃಷ್ಟಿ ಸಾಮಾನ್ಯವಾದುದಲ್ಲ. ಹಳ್ಳಿಯ ಬಡ ಲಿಂಗವಂತರ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯ ಬಾಗಿಲು ಇನ್ನೂ ಕಿರಿದಾಗಿದ್ದ ದಿನಗಳವು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು.

ಕಟ್ಟಡವನ್ನು ಕಟ್ಟಿಸುವುದು ಧರ್ಮಕಾರ್ಯದ ಅರ್ಧ ಮಾತ್ರ. ಪ್ರಾಯಶಃ ಸುಲಭವಾದ ಅರ್ಧ. ನಾಡಿನಲ್ಲಿ ಎಷ್ಟೋ ಛತ್ರಗಳು, ಅರವಟ್ಟಿಗೆಗಳು ಕಟ್ಟಿಸಿದವರ ಕಾಲದೊಡನೆಯೇ ಹಾಳು ಬಿದ್ದಿರುವುವು. ಕಲ್ಲಿನ ಮೇಲೆ ಹೆಸರಿದೆ, ಮಾಡಿನ ಮೇಲೆ ಹೆಂಚಿಲ್ಲ. ಸುಣ್ಣ ಬಳಿಸಲು, ಕಸಗುಡಿಸುವವನಿಗೆ ಸಂಬಳ ಕೊಡಲು ಹಣವೆಲ್ಲಿಂದ ಎಂಬುದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಊರಿನ ಪುರಸಭೆಗೆ ಯಾರಾದರೂ ಕಟ್ಟಡವನ್ನು ಕೊಡಲು ಮುಂದೆ ಬಂದರೂ ಇದೇ ತೊಡಕು. ನಿರ್ವಹಣೆಗೆ ಮೂಲಧನವಿಲ್ಲದ ಕೊಡುಗೆಯು ತೆರಿಗೆ ಕೊಡುವವರ ಮೇಲೆ ಹೊರೆಯಾಗಿ ಕೂರುತ್ತದೆ. ಆದುದರಿಂದಲೇ ಯಾವ ಪೌರಸಂಸ್ಥೆಯೂ ಬಂದ ಕೊಡುಗೆಯನ್ನು ಕಣ್ಣುಮುಚ್ಚಿ ಸ್ವೀಕರಿಸಲಾಗದು. ಸಭೆಯ ನಿರ್ಣಯದಿಂದ ಅಂಗೀಕರಿಸಬೇಕು, ಉದ್ದೇಶವನ್ನು ಬರೆದಿಡಬೇಕು, ಆ ಹಣವನ್ನು ಮನೆಗಂದಾಯದ ಹಣದೊಡನೆ ಬೆರಸದೆ ಬೇರೆ ಲೆಕ್ಕದಲ್ಲಿರಿಸಬೇಕು. ದಾನಿಯು ಅದಕ್ಕೆ ಪ್ರತಿಯಾಗಿ ಏನನ್ನಾದರೂ ಬಯಸುತ್ತಿರುವನೋ ಎಂಬುದನ್ನೂ ಅರಿತುಕೊಳ್ಳಬೇಕು.

ಸ್ವೀಕರಿಸುವವರ ಈ ಎಚ್ಚರವು ಶರಣರಿಗೆ ಹೊಸತಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮನು ಅದನ್ನು ಒಲೆಗೇರಿಸಲಿಲ್ಲ. ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ದಾಸೋಹದ ಹೆಸರಿನಲ್ಲಿ ಬಂದುದೆಂಬ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಕಲ್ಯಾಣದ ಆ ಬಡಗುಡಿಸಲಿನಲ್ಲಿ ಲಕ್ಕಮ್ಮನು ಇಟ್ಟ ಲೆಕ್ಕವನ್ನು ಇಂದಿನ ಎಷ್ಟು ಧರ್ಮಸಂಸ್ಥೆಗಳು ಇಟ್ಟಾವು?

ತೋಟದಪ್ಪನವರು ಈ ಎರಡನೆಯ ಅರ್ಧವನ್ನೂ ಮರೆಯಲಿಲ್ಲ. ಬಾಳಿನ ಕೊನೆಯ ದಿನಗಳಲ್ಲಿ ತಮ್ಮ ಆಸ್ತಿಯೆಲ್ಲವನ್ನೂ ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಮೊದಲ ಅಧ್ಯಕ್ಷರನ್ನಾಗಿ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಿದರು. ಪುಟ್ಟಣ್ಣ ಚೆಟ್ಟಿಯವರು ವೀರಶೈವ ಸಮಾಜದವರು. 1856ರಲ್ಲಿ ಹುಟ್ಟಿ, ಮೈಸೂರು ಸರ್ಕಾರದ ಸೇವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಮಹಾರಾಜರ ಮಂತ್ರಾಲೋಚನಾ ಸಭೆಯ ಸದಸ್ಯತ್ವದವರೆಗೆ ಹೋದವರು. ಬೆಂಗಳೂರು ನಗರ ಪುರಸಭೆಯ ಅಧ್ಯಕ್ಷಪದವಿಯನ್ನೂ ನಿರ್ವಹಿಸಿದವರು. ಸಾರ್ವಜನಿಕರ ಹಣವನ್ನು ಕಾಯುವುದನ್ನೇ ಕಾಯಕವಾಗಿ ಬಲ್ಲವರನ್ನು ತೋಟದಪ್ಪನವರು ಆರಿಸಿದರೆಂಬುದು ಗಮನಾರ್ಹ. ನೆಂಟಸ್ತಿಕೆಯ ಕೈಗೆ ಬೀಳದೆ ಧರ್ಮದ ಕೀಲಿಕೈಯು ಲೆಕ್ಕ ಬಲ್ಲವರ ಕೈ ಸೇರಿತು. ಕೊಟ್ಟ ಮೇಲೆ ಕೊಟ್ಟವನಿಗೆ ಅದರ ಮೇಲೆ ಅಧಿಕಾರವಿಲ್ಲವೆಂಬುದನ್ನು ಬಾಯಲ್ಲಿ ಹೇಳುವವರು ಬಹಳ. ಬದುಕಿರುವಾಗಲೇ ಮತ್ತೊಬ್ಬರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವವರು ವಿರಳ.

1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. 1910ರಲ್ಲಿ ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಬಂದಿತು. ಆ ವರ್ಷವೇ ಫೆಬ್ರವರಿ 21ರಂದು ತಮ್ಮ ಎಪ್ಪತ್ತೆರಡರ ಹೊತ್ತಿನಲ್ಲಿ ಅವರು ಲಿಂಗೈಕ್ಯರಾದರು.

ಧರ್ಮಸಂಸ್ಥೆಯು ಅವರೊಡನೆ ಮುಗಿಯಲಿಲ್ಲ. ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಧರ್ಮಸಂಸ್ಥೆ ಎಂಬ ಹೆಸರಿನಿಂದ ಅದು ಮುಂದುವರಿದು, ನಾಡಿನ ಎಷ್ಟೋ ಊರುಗಳ ಮಕ್ಕಳು ಅದರ ನೆರಳಿನಲ್ಲಿ ಓದಿ ಮುಂದೆ ಬಂದರು. ಮಕ್ಕಳಿಲ್ಲದವರ ಮನೆಯಲ್ಲಿ ತಲೆಮಾರುಗಳ ಮಕ್ಕಳು ಬೆಳೆದರು. ಪುಟ್ಟಣ್ಣ ಚೆಟ್ಟಿಯವರು ಸರ್ ಪದವಿಯನ್ನೂ ಪಡೆದು, ತಾವೂ ಕೈಯೆತ್ತಿ ಕೊಡುವವರೆಂದು ಹೆಸರಾಗಿ, 1938ರಲ್ಲಿ ಶಿವಸಾಯುಜ್ಯವನ್ನು ಹೊಂದಿದರು. 1933ರಲ್ಲಿ ಶಂಕುಸ್ಥಾಪನೆಯಾಗಿ 1935ರಲ್ಲಿ ಮುಗಿದ ಬೆಂಗಳೂರಿನ ಪುರಭವನವು ಅವರ ಹೆಸರನ್ನೇ ಹೊತ್ತಿದೆ. ತೋಟದಪ್ಪನವರ ಹೆಸರು ರೈಲ್ವೆ ನಿಲ್ದಾಣದ ಬಳಿಯ ರಸ್ತೆಗೆ ಸಂದಿತು. ಗಾಡಿಯಿಂದಿಳಿದು ಹೊರಬರುವ ಪ್ರಯಾಣಿಕನು ಮೊದಲು ಮೆಟ್ಟುವ ಬೀದಿಗಳಲ್ಲಿ ಅದೂ ಒಂದು.