ಊ ಥಾಂಟ್: ಜಗಳದ ನಡುವೆ ಕೂತ ಐದನೆಯವರು



ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬರುವ ರೋಹಿಣಿ ನದಿಯ ನೀರಿನ ಜಗಳ ನಮಗೆಲ್ಲ ಗೊತ್ತು. ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಯುದ್ಧ ಬೇಡ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ನಮ್ಮವರು ಇಬ್ಬರು, ಅವರ ಕಡೆಯ ಇಬ್ಬರು, ಆ ನಾಲ್ವರೂ ಸೇರಿ ಆರಿಸಿದ ಐದನೆಯವರೊಬ್ಬರು ಕೂತು ಬಗೆಹರಿಸಲಿ ಎಂಬ ದಾರಿಯನ್ನೂ ತೋರಿದ. ಶಾಕ್ಯರು ಕೇಳಲಿಲ್ಲ, ಸಿದ್ಧಾರ್ಥ ಮನೆ ಬಿಟ್ಟ. ಆ ಐದನೆಯವನ ಕೆಲಸ ಎಂಥದು ಎಂಬುದನ್ನು ಮಾತ್ರ ನಾವು ಹೆಚ್ಚು ಯೋಚಿಸುವುದಿಲ್ಲ. ಹತ್ತು ವರ್ಷ ದೊಡ್ಡ ದೊಡ್ಡ ದೇಶಗಳ ನಡುವೆ ಆ ಜಾಗದಲ್ಲಿ ಕೂತ ಬೌದ್ಧ ಉಪಾಸಕರೊಬ್ಬರ ಬದುಕನ್ನು ಇಂದು ನೋಡೋಣ.

ಊ ಥಾಂಟ್ ಹುಟ್ಟಿದ್ದು 1909ರ ಜನವರಿ 22ರಂದು, ಬರ್ಮಾದಲ್ಲಿ ಐರಾವತಿ ನದಿ ಕವಲೊಡೆದು ಸಮುದ್ರ ಸೇರುವ ಬಯಲಿನ ಪಂಟನಾವ್ ಎಂಬ ಸಣ್ಣ ಊರಿನಲ್ಲಿ. ಹೆಸರು ಬರೀ ಥಾಂಟ್. ‘ಊ’ ಎಂಬುದು ಅಲ್ಲಿ ಹಿರಿಯರ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು. ಹದಿನಾಲ್ಕನೇ ವಯಸ್ಸಿಗೆ ತಂದೆ ತೀರಿಕೊಂಡರು, ಆಸ್ತಿಯ ವ್ಯಾಜ್ಯದಲ್ಲಿ ತಾಯಿಯ ಕೈ ಬರಿದಾಯಿತು. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ರಂಗೂನಿನಲ್ಲಿ ಎರಡು ವರ್ಷ ಓದಿ, 1928ರಲ್ಲಿ ಊರಿಗೆ ಮರಳಿ ಶಾಲಾ ಮೇಷ್ಟರಾದರು. ಕೆಲವೇ ವರ್ಷಗಳಲ್ಲಿ ಅದೇ ಶಾಲೆಯ ಹೆಡ್ ಮಾಸ್ಟರ್. ಪಾಠದ ನಡುವೆ ಪತ್ರಿಕೆಗಳಿಗೆ ಬರೆದರು, ಲೀಗ್ ಆಫ್ ನೇಷನ್ಸ್ ಬಗೆಗಿನ ಪುಸ್ತಕವೊಂದನ್ನು ತಮ್ಮ ಭಾಷೆಗೆ ತಂದರು.

ಆ ಶಾಲೆಯ ದಿನಗಳ ಗೆಳೆಯ ಊ ನು ಸ್ವತಂತ್ರ ಬರ್ಮಾದ ಪ್ರಧಾನಿಯಾದಾಗ ಥಾಂಟ್ ಸರ್ಕಾರದ ಕೆಲಸಕ್ಕೆ ಬಂದರು. ರಂಗೂನಿನಲ್ಲಿ ಆರನೆಯ ಬೌದ್ಧ ಸಂಗೀತಿ ನಡೆಯುತ್ತಿದ್ದ ಕಾಲ ಅದು. 1954ರ ಡಿಸೆಂಬರಿನಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆಂದು ಬಾಬಾಸಾಹೇಬರು ಅದೇ ಊರಿಗೆ ಹೋದಾಗ, ಪ್ರಧಾನಿಯ ಕಾರ್ಯದರ್ಶಿಯಾಗಿದ್ದವರು ಊ ಥಾಂಟ್.

1957ರಲ್ಲಿ ಅವರು ವಿಶ್ವಸಂಸ್ಥೆಯಲ್ಲಿ ಬರ್ಮಾದ ಪ್ರತಿನಿಧಿಯಾದರು. 1961ರ ಸೆಪ್ಟೆಂಬರಿನಲ್ಲಿ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಆಫ್ರಿಕಾದಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅಮೆರಿಕ, ರಷ್ಯಾ ಎರಡೂ ಒಪ್ಪುವ ಹೆಸರು ಬೇಕಿತ್ತು. ಆ ಹುದ್ದೆಗೆ ಬಂದ ಮೊದಲ ಏಷ್ಯಾದವರು ಥಾಂಟ್.

ವರ್ಷ ತುಂಬುವ ಮೊದಲೇ ಎರಡು ಪೆಟ್ಟು ಬಿದ್ದವು. 1962ರ ಮೇ ತಿಂಗಳಲ್ಲಿ ರಂಗೂನಿಗೆ ಹೋಗಿದ್ದ ಮಗ ಟಿನ್ ಮೌಂಗ್ ಬಸ್ಸಿನಿಂದ ಬಿದ್ದು ತೀರಿಕೊಂಡ. ಐದೇ ತಿಂಗಳಿಗೆ ಕ್ಯೂಬಾ.

ರಷ್ಯಾ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಟ್ಟಿದೆ ಎಂದು ಕೆನಡಿ ಅಕ್ಟೋಬರ್ 22ರಂದು ಜಗತ್ತಿಗೆ ತಿಳಿಸಿದರು. ಅಮೆರಿಕದ ನೌಕಾಪಡೆ ಸಮುದ್ರದಲ್ಲಿ ಅಡ್ಡ ನಿಂತಿತು, ರಷ್ಯಾದ ಹಡಗುಗಳು ಅದರ ಕಡೆಗೇ ಬರುತ್ತಿದ್ದವು. 24ರಂದು ಥಾಂಟ್ ಇಬ್ಬರಿಗೂ ಒಂದೇ ಒಕ್ಕಣೆಯ ಪತ್ರ ಕಳಿಸಿದರು: ಎರಡು ಮೂರು ವಾರ ರಷ್ಯಾ ಶಸ್ತ್ರ ಸಾಗಿಸುವುದನ್ನು ತಾನಾಗಿ ನಿಲ್ಲಿಸಲಿ, ಅಮೆರಿಕ ತಡೆಯುವುದನ್ನು ತಾನಾಗಿ ನಿಲ್ಲಿಸಲಿ, ಅಷ್ಟರಲ್ಲಿ ಮಾತಾಡಿ. ಯಾರು ತಪ್ಪಿತಸ್ಥರು ಎಂಬ ಮಾತು ಅದರಲ್ಲಿ ಇರಲಿಲ್ಲ. ಕ್ರುಶ್ಚೇವ್ ಒಪ್ಪಿದರು. ಕೆನಡಿಗೆ ಸಮಾಧಾನವಾಗಲಿಲ್ಲ, ಏಕೆಂದರೆ ಆಗಲೇ ಬಂದಿಳಿದ ಕ್ಷಿಪಣಿಗಳ ಕೆಲಸ ನಡೆಯುತ್ತಲೇ ಇತ್ತು. ಆದರೂ ಹಡಗುಗಳನ್ನು ತಡೆಯಲು ಈ ಮನುಷ್ಯನೇ ದಾರಿ ಎಂದು ಅಮೆರಿಕದವರಿಗೂ ಹೊಳೆಯಿತು. ಇನ್ನೊಂದು ಪತ್ರ ಬರೆಯಿರಿ ಎಂದು ಅವರೇ ಕೇಳಿಕೊಂಡರು. 25ರಂದು ಎರಡನೆಯ ಪತ್ರ ಹೋಯಿತು. ರಷ್ಯಾದ ಹಡಗುಗಳು ಕೆಲವು ದಿನ ಆ ಗೆರೆಯಿಂದ ದೂರವಿರಲಿ, ಅಮೆರಿಕದ ಹಡಗುಗಳು ಎದುರಾಗುವುದನ್ನು ತಪ್ಪಿಸಲಿ. ಇಬ್ಬರೂ ಹೂಂ ಎಂದರು.

ಜಗಳವಾಡಿದ ಇಬ್ಬರು ಹುಡುಗರನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ತಪ್ಪು ಒಪ್ಪಿಕೋ ಎಂದರೆ ಯಾರೂ ಒಪ್ಪುವುದಿಲ್ಲ. ಶಾಲೆಯಲ್ಲಿ ನಾಲ್ಕು ದಿನ ಕೆಲಸ ಮಾಡಿದವರಿಗೂ ಇದು ಗೊತ್ತು, ಪಂಟನಾವಿನ ಹೆಡ್ ಮಾಸ್ಟರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೆನಡಿಯ ಬೆದರಿಕೆಗೆ ಹಿಂದೆ ಸರಿದರೆ ಕ್ರುಶ್ಚೇವ್‌ಗೆ ಸೋಲು. ಥಾಂಟರ ಕೋರಿಕೆಗೆ ಸರಿದರೆ ಅದು ದೊಡ್ಡತನ.

ಅಕ್ಟೋಬರ್ 28ರಂದು ರಷ್ಯಾ ಕ್ಷಿಪಣಿ ತೆಗೆಯಲು ಒಪ್ಪಿತು. ಅಲ್ಲಿಗೆ ಮುಗಿಯಲಿಲ್ಲ. ತನ್ನನ್ನು ಒಂದು ಮಾತೂ ಕೇಳದೆ ದೊಡ್ಡವರು ತೀರ್ಮಾನಿಸಿದರೆಂದು ಕ್ಯಾಸ್ಟ್ರೋ ಸಿಟ್ಟಾಗಿದ್ದರು. ಥಾಂಟ್ ಹವಾನಾಕ್ಕೇ ಹೋಗಿ ಎರಡು ದಿನ ಅವರ ಮಾತು ಕೇಳಿದರು. ತಪಾಸಣೆಗೆ ಕ್ಯಾಸ್ಟ್ರೋ ಒಪ್ಪಲಿಲ್ಲ. ಆದರೆ ಹೊಡೆದುರುಳಿಸಿದ ಅಮೆರಿಕದ ವಿಮಾನದ ಪೈಲಟ್ ಆಂಡರ್ಸನ್‌ನ ದೇಹವನ್ನು ಮನೆಯವರಿಗೆ ಕಳಿಸಲು ಒಪ್ಪಿದರು. ಮರು ಜನವರಿಯಲ್ಲಿ ಅಮೆರಿಕ, ರಷ್ಯಾ ಜಂಟಿಯಾಗಿ ಥಾಂಟರಿಗೆ ಕೃತಜ್ಞತೆಯ ಪತ್ರ ಬರೆದವು. ಆಮೇಲೆ ಕಥೆ ಹೇಳಿದವರು ಹೆಚ್ಚಾಗಿ ಕೆನಡಿಯ ಧೈರ್ಯವನ್ನೇ ಹೇಳಿದರು.

ಮೆತ್ತಾ, ಕರುಣಾ, ಮುದಿತಾ, ಉಪೇಕ್ಖಾ ಈ ನಾಲ್ಕರಲ್ಲೇ ತಾವು ಬೆಳೆದದ್ದು ಎಂದು ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಉಪೇಕ್ಖಾ ಎಂದರೆ ಕನ್ನಡದ ಉಪೇಕ್ಷೆ ಅಲ್ಲ, ದಯವಿಟ್ಟು ಗಮನಿಸಿ. ಯಾರನ್ನೂ ಲೆಕ್ಕಿಸದಿರುವುದು ಉಪೇಕ್ಷೆ. ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡೂ ಮನಸ್ಸಿನ ತಕ್ಕಡಿ ವಾಲದಿರುವುದು ಉಪೇಕ್ಖಾ.

1965ರಲ್ಲಿ ಭಾರತ, ಪಾಕಿಸ್ತಾನ ಯುದ್ಧಕ್ಕೆ ಇಳಿದಾಗ ಸೆಪ್ಟೆಂಬರಿನಲ್ಲಿ ಅವರು ರಾವಲ್ಪಿಂಡಿಗೂ ದೆಹಲಿಗೂ ಬಂದರು. ಆ ತಿಂಗಳೇ ಕದನ ವಿರಾಮವಾಯಿತು.

ನನಗೆ ಕ್ಯೂಬಾಕ್ಕಿಂತ ಹೆಚ್ಚು ಇಷ್ಟವಾಗುವುದು ಬಹರೇನ್. ಬ್ರಿಟಿಷರು ಹೊರಡಲಿದ್ದ ಆ ಪುಟ್ಟ ದ್ವೀಪ ತನ್ನದು ಎನ್ನುತ್ತಿತ್ತು ಇರಾನ್. ಹಕ್ಕು ಬಿಟ್ಟುಕೊಟ್ಟೆ ಎನ್ನಲು ದೊರೆ ಶಾಗೆ ಮುಖವಿಲ್ಲ. 1970ರಲ್ಲಿ ಥಾಂಟ್ ತಮ್ಮ ಪ್ರತಿನಿಧಿಯನ್ನು ಅಲ್ಲಿಗೆ ಕಳಿಸಿ ಜನರನ್ನೇ ಕೇಳಿಸಿದರು. ಜನ ಸ್ವತಂತ್ರವಾಗಿರುತ್ತೇವೆ ಎಂದರು. ಭದ್ರತಾ ಮಂಡಳಿ ಒಪ್ಪಿತು, ಇರಾನೂ ಒಪ್ಪಿತು. ಒಂದು ಗುಂಡೂ ಹಾರಲಿಲ್ಲ, ಆದ್ದರಿಂದಲೇ ಯಾರಿಗೂ ನೆನಪಿಲ್ಲ. ಈ ಕೆಲಸದಲ್ಲಿ ಅವರ ಬಲಗೈ ರಾಲ್ಫ್ ಬಂಚ್, ಶಾಂತಿಯ ನೊಬೆಲ್ ಪಡೆದ ಮೊದಲ ಕರಿಯ. ಅವರ ಬದುಕಿಗೆ ಇನ್ನೊಂದು ದಿನ ಬೇಕು.

ಸೋಲುಗಳೂ ಇದ್ದವು. ಉತ್ತರ ವಿಯೆಟ್ನಾಂ ರಂಗೂನಿನಲ್ಲಿ ಗುಟ್ಟಾಗಿ ಮಾತಿಗೆ ಕೂರುವಂತೆ ಥಾಂಟ್ ಮಾಡಿದ್ದ ಏರ್ಪಾಡನ್ನು ಅಮೆರಿಕ 1965ರ ಆರಂಭದಲ್ಲಿ ತಳ್ಳಿಹಾಕಿತು. ಆ ಯುದ್ಧವನ್ನು ಬಹಿರಂಗವಾಗಿ ಟೀಕಿಸಿದ ಮೇಲೆ ವಾಷಿಂಗ್ಟನ್ನಿಗೆ ಅವರು ಬೇಡವಾದರು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಕೇಳಿದಾಗ ಸಿನಾಯ್‌ನಿಂದ ಶಾಂತಿಪಡೆಯನ್ನು ಹಿಂದಕ್ಕೆ ಕರೆದರು. ಮೂರು ವಾರದೊಳಗೆ ಯುದ್ಧ. ಜಗತ್ತೆಲ್ಲ ಅವರನ್ನೇ ದೂರಿತು. ಈಜಿಪ್ಟಿನ ಒಪ್ಪಿಗೆ ಇಲ್ಲದೆ ಪಡೆ ಅಲ್ಲಿ ನಿಲ್ಲುವಂತಿರಲಿಲ್ಲ. ಗಡಿಯ ತನ್ನ ಮಗ್ಗುಲಲ್ಲಿ ನಿಲ್ಲಿಸಿಕೊಳ್ಳಲು ಇಸ್ರೇಲ್ ಒಪ್ಪಲಿಲ್ಲ. ಪಡೆಯ ಅರ್ಧದಷ್ಟು ಸೈನಿಕರನ್ನು ಕೊಟ್ಟಿದ್ದ ಭಾರತ, ಯುಗೊಸ್ಲಾವಿಯಾ ತಮ್ಮವರನ್ನು ಕರೆಸಿಕೊಳ್ಳುವುದಾಗಿ ಹೇಳಿದ್ದವು. ಅವರಿಗೆ ಬೇರೆ ದಾರಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಬಹುಶಃ ಇನ್ನೂ ನಾಲ್ಕು ದಿನ ಎಳೆಯಬಹುದಿತ್ತು.

1971ರ ಕೊನೆಗೆ ಹುದ್ದೆ ಬಿಟ್ಟರು. 1974ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ದೇಹ ರಂಗೂನಿಗೆ ಬಂದಾಗ ಸೈನಿಕ ಆಡಳಿತಗಾರ ನೇ ವಿನ್ ಸರ್ಕಾರಿ ಗೌರವ ಕೊಡಲಿಲ್ಲ. ಡಿಸೆಂಬರ್ 5ರಂದು ವಿದ್ಯಾರ್ಥಿಗಳು ಶವಪೆಟ್ಟಿಗೆಯನ್ನು ಹೊತ್ತು ವಿಶ್ವವಿದ್ಯಾಲಯಕ್ಕೆ ತಂದರು. 1962ರಲ್ಲಿ ಸೈನ್ಯ ಸ್ಫೋಟಿಸಿ ಕೆಡವಿದ್ದ ವಿದ್ಯಾರ್ಥಿ ಸಂಘದ ಕಟ್ಟಡದ ಜಾಗದಲ್ಲೇ ಸಮಾಧಿ ಕಟ್ಟಿದರು. 11ರ ನಸುಕಿನಲ್ಲಿ ಸೈನಿಕರು ನುಗ್ಗಿದರು, ವಿದ್ಯಾರ್ಥಿಗಳು ಸತ್ತರು, ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಗಿ ಶ್ವೇಡಗಾನ್ ಪಗೋಡದ ಬಳಿ ಹೂಳಲಾಯಿತು. ಆ ಸಮಾಧಿ ಇಂದಿಗೂ ಅಲ್ಲೇ ಇದೆ.

ಜೈ ಭೀಮ್.